ಕೊಟ್ಟಿಗೆಯಲ್ಲಿ ನಿಂತ ಯೆಜ್ಡಿ: ಕ್ಲಚ್ ಕವರ್ ಸ್ಕ್ರೂ ಬಿಚ್ಚೋದು ಹೇಗೆ?

ಮಂಡ್ಯದ ಕೊಟ್ಟಿಗೆಯಲ್ಲಿ ವರ್ಷಗಟ್ಟಲೆ ನಿಂತ ಯೆಜ್ಡಿ ಬೈಕಿನ ಕ್ಲಚ್ ಕವರ್ ಸ್ಕ್ರೂ ಕಚ್ಚಿಕೊಂಡಿದೆ, ಬಿಚ್ಚೋದು ಹೇಗೆ ಅಂತ ಓದುಗರೊಬ್ಬರು ಕೇಳಿದ್ದಾರೆ. ಮೈಸೂರಲ್ಲೇ ತಯಾರಾಗ್ತಿದ್ದ, 1996ರಲ್ಲಿ ತಯಾರಿಕೆ ನಿಂತುಹೋದ ಹಳೇ ಬೈಕು, ಕವರ್ ಒಡೆದರೆ ಒಳ್ಳೇದು ಸಿಗೋದು ಕಷ್ಟ. ಆತುರ ಬೇಡ.

ಸ್ಕ್ರೂ ಸ್ಟೀಲು, ಕವರ್ ಅಲ್ಯೂಮಿನಿಯಂ. ತೇವ ಸೇರಿದರೆ ಥ್ರೆಡ್ ಸುತ್ತ ಬಿಳಿ ಪುಡಿ ಕಟ್ಟಿ ಕಚ್ಚಿಕೊಳ್ಳುತ್ತೆ. ಮೊದಲು ಆಯಿಲ್ ಇಳಿಸಿ. ಸ್ಕ್ರೂ ತಲೆಯ ಸೀಳಿನಲ್ಲಿರೋ ಮಣ್ಣನ್ನು ಸೂಜಿಯಿಂದ ಪೂರ್ತಿ ಕೆರೆದು ತೆಗೀರಿ. ಡ್ರೈವರ್‌ನ ಬಿಟ್ (ತುದಿ) ಸೀಳಿನ ತಳ ಮುಟ್ಟದಿದ್ದರೆ ತಲೆ ಸವೆಯೋದು ಗ್ಯಾರಂಟಿ. ತುಕ್ಕು ಬಿಡಿಸೋ ಎಣ್ಣೆ ಹಾಕಿ ಒಂದು ರಾತ್ರಿ ಬಿಡಿ.

ಬೆಳಿಗ್ಗೆ ಎಣ್ಣೆ ಒರೆಸಿ, ಹೀಟ್ ಗನ್ನಿಂದ ಸ್ಕ್ರೂಗಲ್ಲ, ಸುತ್ತಲಿನ ಕವರ್‌ಗೆ ಶಾಖ ಕೊಡಿ. ನೀರಿನ ಹನಿ ಚುರ್ ಅಂದರೆ ಸಾಕು. ಅಲ್ಯೂಮಿನಿಯಂ ಸ್ಟೀಲಿಗಿಂತ ಹೆಚ್ಚುಕಮ್ಮಿ ಎರಡು ಪಟ್ಟು ಹಿಗ್ಗುತ್ತೆ, ಹಿಡಿತ ಸಡಿಲ. ಪೆಟ್ರೋಲ್ ಟ್ಯಾಂಕ್ ಮೊದಲೇ ಕೆಳಗಿಳಿಸಿರಿ! ಆಮೇಲೆ ಇಂಪ್ಯಾಕ್ಟ್ ಡ್ರೈವರ್ ಬಳಸಿ, ಅಂದ್ರೆ ಸುತ್ತಿಗೆಯಿಂದ ಹೊಡೆದಾಗ ಪೆಟ್ಟಿನ ಬಲಕ್ಕೇ ತಿರುಗೋ ಡ್ರೈವರ್. ಬಿಚ್ಚೋ ದಿಕ್ಕಿಗೆ ಸೆಟ್ ಆಗಿದೆಯಾ ನೋಡಿಕೊಳ್ಳಿ, ಮೂರ್ನಾಲ್ಕು ಗಟ್ಟಿ ಪೆಟ್ಟು.

ತಲೆ ಹಾಳಾಯ್ತಾ? ತಲೆಯನ್ನಷ್ಟೇ ಡ್ರಿಲ್ ಮಾಡಿ ಹಾರಿಸಿ. ಕವರ್ ಕಳಚಿದ ಮೇಲೆ ಉಳಿದ ತುಂಡನ್ನು ಲಾಕಿಂಗ್ ಪ್ಲೈಯರ್‌ನಲ್ಲಿ ಹಿಡಿದು ತಿರುಗಿಸಿ, ಎಷ್ಟೋ ಸಲ ಕೈಯಲ್ಲೇ ಬರುತ್ತೆ. ಸ್ಕ್ರೂ ವಾಪಸ್ ಹಾಕುವಾಗ ಮತ್ತೆ ಕಚ್ಚಿಕೊಳ್ಳದಂತೆ ಥ್ರೆಡ್‌ಗೆ ಕಾಪರ್ ಗ್ರೀಸ್ ಸವರಿ.