ಅಧ್ಯಕ್ಷರ ಪಟ್ಟಿ ಬಿಡಿ, ನೆಲಬಾಡಿಗೆಯ ಕಥೆ ಬರೆಯಿರಿ

ಪ್ರಿಯ ಮಿತ್ರರೇ,

ಬ್ರಿಟನ್ನಿನ ಕ್ಯಾರವಾನ್ ಪಾರ್ಕ್ (ಗಾಡಿಮನೆಗಳನ್ನು ನಿಲ್ಲಿಸಲು ನೆಲ ಬಾಡಿಗೆಗೆ ಕೊಡುವ ಜಾಗ) ಮಾಲೀಕರ ಸಂಘದ ಇತಿಹಾಸ ಕುರಿತ ನಿಮ್ಮ ಲೇಖನ ಓದಿದೆ. ಕನ್ನಡದಲ್ಲಿ ಈ ವಿಷಯಕ್ಕೆ ಕೈ ಹಾಕಿದವರನ್ನು ನಾನು ಕಂಡಿಲ್ಲ. ಆದರೂ ಈಗಿರುವ ಹಾಗೆ ಪ್ರಕಟಿಸಲಾರೆವು. ಇದು ಸಹಕಾರ ಸಂಘದ ಬೆಳ್ಳಿಹಬ್ಬದ ಸ್ಮರಣ ಸಂಚಿಕೆಯ ಹಾಗಿದೆ: ಅಧ್ಯಕ್ಷರು ಬಂದರು, ಹಾರ ಹಾಕಿಸಿಕೊಂಡರು, ಹೋದರು, ಸಂಘ ಮಾತ್ರ ಬೆಳೆಯುತ್ತಲೇ ಇತ್ತು.

ಡಾಕ್ಟರ್ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ‘ವಾಂಡರರ್’ ಎಂಬ ಕುದುರೆಗಾಡಿಯ ಮನೆ ಕಟ್ಟಿಸಿಕೊಂಡು ಊರೂರು ಸುತ್ತಿದ್ದಕ್ಕೇ ನಿಮ್ಮ ಮೊದಲೆರಡು ಪುಟ ಖರ್ಚಾಗಿದೆ. ಸೊಗಸಾಗಿ ಬರೆದಿದ್ದೀರಿ, ಆದರೂ ತೆಗೆಯಿರಿ. ಅವರದು ಗಾಡಿಯ ಹುಚ್ಚು. ನಿಮ್ಮ ಕಥಾನಾಯಕರದು ನೆಲದ ವ್ಯಾಪಾರ. ಇಡೀ ಕ್ಯಾರವಾನ್ ಉದ್ಯಮದ ಹೆಸರಿನಲ್ಲಿ ನ್ಯಾಷನಲ್ ಕ್ಯಾರವಾನ್ ಕೌನ್ಸಿಲ್ 1939ರಲ್ಲೇ ಹುಟ್ಟಿತ್ತು. ಹಾಗಿದ್ದೂ ಪಾರ್ಕ್ ಮಾಲೀಕರಿಗೆ ತಮ್ಮದೇ ಸಂಘ ಯಾಕೆ ಬೇಕಾಯಿತು? ಲೇಖನ ಶುರುವಾಗಬೇಕಾದ್ದು ಇಲ್ಲಿಂದ.

ಎರಡನೇ ಮಹಾಯುದ್ಧ ಮುಗಿದ ಮೇಲೆ ಅಲ್ಲಿ ಮನೆಗಳಿಗೆ ಬರ ಬಂತು. ರಜೆ ಕಳೆಯಲೆಂದು ಮಾಡಿದ ಗಾಡಿಗಳಲ್ಲೇ ಜನ ಸಂಸಾರ ಹೂಡಿದರು. ಸರ್ ಆರ್ಟನ್ ವಿಲ್ಸನ್ 1959ರಲ್ಲಿ ಸರ್ಕಾರಕ್ಕೆ ವರದಿ ಕೊಡುವ ಹೊತ್ತಿಗೆ ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ಹಾಗೆ ಬದುಕುತ್ತಿದ್ದವರು ಸುಮಾರು 1,50,000 ಮಂದಿ. ಮರುವರ್ಷವೇ ಕಾಯ್ದೆ ಬಂತು. ಜಾಗವನ್ನು ಹೀಗೆ ಬಳಸಲು ಯೋಜನಾ ಅನುಮತಿ ಬೇಕು, ಅದಾದ ಮೇಲೆ ಸ್ಥಳೀಯ ಕೌನ್ಸಿಲಿನ ಪರವಾನಗಿಯೂ ಬೇಕು. ಗಾಡಿ ಗಾಡಿಯ ನಡುವೆ ಎಷ್ಟು ಅಂತರ, ನೀರು, ಶೌಚಾಲಯ, ಬೆಂಕಿ ನಂದಿಸುವ ವ್ಯವಸ್ಥೆ, ಎಲ್ಲಕ್ಕೂ ಷರತ್ತು. ನಿನ್ನೆಯವರೆಗೆ ಗಿರಾಕಿಗಾಗಿ ಕಿತ್ತಾಡುತ್ತಿದ್ದವರು ಒಂದೇ ಬೆಂಚಿನ ಮೇಲೆ ಕೂರಲು ಇದಕ್ಕಿಂತ ಬೇರೆ ಕಾರಣ ಬೇಕೆ? ಇನ್ನೊಂದು ಮಗ್ಗುಲೂ ಇದೆ: ಪರವಾನಗಿ ಸಿಕ್ಕವನಿಗೆ ಅದೇ ಕೋಟೆ, ಏಕೆಂದರೆ ಹೊಸಬ ಸುಲಭವಾಗಿ ಪಕ್ಕದ ಹೊಲದಲ್ಲಿ ಪಾರ್ಕ್ ತೆರೆಯುವಂತಿಲ್ಲ. ಬೈದುಕೊಂಡೇ ಲಾಭ ತಂದುಕೊಟ್ಟ ಕಾನೂನಿದು. ನೀವೋ “1960ರಲ್ಲಿ ಕಾಯ್ದೆ ಜಾರಿಯಾಯಿತು” ಎಂದು ಒಂದೇ ಸಾಲಿನಲ್ಲಿ ದಾಟಿಬಿಟ್ಟಿದ್ದೀರಿ!

ನನಗೆ ನಿಜಕ್ಕೂ ಬೇಸರ ತಂದದ್ದು “ಸಂಘವು ಸದಾ ನಿವಾಸಿಗಳ ಹಿತ ಕಾಯ್ದಿದೆ” ಎಂಬ ಮಾತು. ಇಡೀ ಲೇಖನದಲ್ಲಿ ಒಬ್ಬ ನಿವಾಸಿಯೂ ಬಾಯಿ ಬಿಡುವುದಿಲ್ಲ. ಪಾರ್ಕಿನಲ್ಲಿ ಕಾಯಂ ಆಗಿ ನೆಲೆಸಿದವರಿಗೆ ಮನೆ ಸ್ವಂತದ್ದು, ಕೆಳಗಿನ ನೆಲ ಮಾತ್ರ ಮಾಲೀಕನದು. ನ್ಯಾಯಾಲಯದ ಆದೇಶವಿಲ್ಲದೆ ಅವರನ್ನು ಎಬ್ಬಿಸುವಂತಿಲ್ಲ ಎಂದು ಹೇಳಲು 1968ರ ಕಾಯ್ದೆಯೇ ಬರಬೇಕಾಯಿತು. 1983ರ ನಿಯಮದಂತೆ, ನಿವಾಸಿ ತನ್ನ ಮನೆ ಮಾರಿದರೆ ಬೆಲೆಯಲ್ಲಿ ಶೇ. 10ರವರೆಗೆ ಕಮಿಷನ್ ಪಾರ್ಕ್ ಮಾಲೀಕನಿಗೆ. ಕೊಳ್ಳುವವರನ್ನು ಮಾಲೀಕರು ಒಪ್ಪದೆ ಮಾರಾಟಕ್ಕೆ ಅಡ್ಡಗಾಲು ಹಾಕುತ್ತಾರೆಂಬ ದೂರು ಬೆಳೆದು, ಇಂಗ್ಲೆಂಡಿನಲ್ಲಿ 2013ರಲ್ಲಿ ಆ ಅಧಿಕಾರವನ್ನೇ ಕಿತ್ತುಕೊಂಡರು. ಈ ಒಂದೊಂದು ತಿರುವಿನಲ್ಲೂ ಸಂಘ ಏನು ವಾದಿಸಿತು? ಸಂಘವನ್ನು ಬೈಯಿರಿ ಎನ್ನುತ್ತಿಲ್ಲ. ಸದಸ್ಯರ ಹಿತ ಕಾಯುವುದೇ ಅದರ ಕೆಲಸ; ಅದನ್ನು ಅಷ್ಟೇ ನೇರವಾಗಿ ಬರೆಯಿರಿ.

ಬ್ರಿಟಿಷ್ ಸಂಸತ್ತಿನ ಚರ್ಚೆಗಳು ಯಾರಿಗಾದರೂ ಓದಲು ಸಿಗುತ್ತವೆ. 2012ರಲ್ಲಿ ಅದರ ಕೆಳಮನೆಯಾದ ಕಾಮನ್ಸ್ ಸಭೆಯ ಸಮಿತಿ ಪಾರ್ಕ್ ಹೋಮ್‌ಗಳ (ಪಾರ್ಕಿನ ಕಾಯಂ ಮನೆಗಳ) ಬಗ್ಗೆ ವಿಚಾರಣೆ ನಡೆಸಿ ವರದಿ ಕೊಟ್ಟಿದೆ. ಅದನ್ನು ಮೊದಲು ಓದಿ, ಆಮೇಲೆ ಪೆನ್ನು ಹಿಡಿಯಿರಿ. ಅಧ್ಯಕ್ಷರ ಪಟ್ಟಿ ಬೇಡ, ವಾರ್ಷಿಕ ಸಭೆಯ ಫೋಟೋಗಳೂ ಬೇಡ. ಯಾವುದಾದರೂ ಪಾರ್ಕಿನ ಹಳೆಯ ಪರವಾನಗಿ ಪತ್ರದ ಪ್ರತಿ ಸಿಕ್ಕರೆ ಖಂಡಿತ ಕಳಿಸಿ, ಅದನ್ನು ಮುಖಪುಟಕ್ಕೇ ಹಾಕೋಣ.

ಇತಿ,
ಸಂಪಾದಕ