ಆಕ್ಲೆಂಡಿನ ಸಮೋವನ್ ಸಭೆಯಲ್ಲಿ ಮಾರ್ಮನ್ ಮಿಷನರಿ ಹುಡುಗನ ವಾರ ಹೇಗಿರುತ್ತದೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾದಷ್ಟು ಇದು: ಬೆಂಗಳೂರಿನಲ್ಲಿ ಬೆಳೆದ ನಿಮ್ಮ ಅಕ್ಕನ ಮಗ ಅಮೆರಿಕದಲ್ಲಿ ಹುಟ್ಟಿದ ಕ್ರೈಸ್ತ ಪಂಥವಾದ ಮಾರ್ಮನ್ ಚರ್ಚಿಗೆ ಸೇರಿದ್ದಾನೆ. ಈಗ ಎರಡು ವರ್ಷದ ಸೇವೆಗೆಂದು ನ್ಯೂಜಿಲೆಂಡಿನ ಆಕ್ಲೆಂಡಿಗೆ, ಅದರಲ್ಲೂ ಪೆಸಿಫಿಕ್ ದ್ವೀಪದೇಶ ಸಮೋವಾದಿಂದ ಬಂದು ನೆಲೆಸಿದವರ ಸಮೋವನ್ ಭಾಷೆಯ ಸಭೆಗೆ ಹೊರಟಿದ್ದಾನೆ. ಅಲ್ಲಿ ದಿನವಿಡೀ ಏನು ಮಾಡುತ್ತಾನೆ, ಸಸ್ಯಾಹಾರಿ ಹುಡುಗ ಏನು ತಿನ್ನುತ್ತಾನೆ, ಮನೆಗೆ ಫೋನ್ ಮಾಡಲು ಬಿಡುತ್ತಾರೆಯೇ ಎಂಬ ಚಿಂತೆ ನಿಮಗೆ. ನಾನೂ ಬೆಂಗಳೂರಿನವನೇ. ದಕ್ಷಿಣ ಆಕ್ಲೆಂಡಿನ ಮಾಂಗೆರೆ, ಓಟಾರಾ ಬಡಾವಣೆಗಳಲ್ಲಿ ಇದೇ ಸೇವೆ ಮುಗಿಸಿ ಬಂದವನು. (ಚರ್ಚಿನ ಹಿರಿಯರು 2018ರಿಂದ ‘ಮಾರ್ಮನ್’ ಎನ್ನಬೇಡಿ, ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಎಂಬ ಪೂರ್ತಿ ಹೆಸರು ಹೇಳಿ ಎನ್ನುತ್ತಿದ್ದಾರೆ. ಓದುವವರಿಗೆ ತಿಳಿಯಲಿ ಎಂದು ಹಳೆಯ ಹೆಸರನ್ನೇ ಬಳಸುತ್ತೇನೆ.)

ಮೊದಲಿಗೇ ಒಂದು ಮಾತು. ಹುಡುಗ ಊರಿಗೆ ಹೋಗಿ ಜನರಿಗೆ ಪಾಠ ಹೇಳುತ್ತಾನೆ ಎಂದು ನೀವು ಊಹಿಸಿಕೊಂಡಿರಬಹುದು. ಬೇರೆ ಕಡೆ ಅದು ನಿಜವೂ ಇರಬಹುದು. ಸಮೋವನ್ ಸಭೆಯಲ್ಲಿ ಮಾತ್ರ ಸಭೆಯೇ ಅವನನ್ನು ಸಾಕುತ್ತದೆ, ತಿದ್ದುತ್ತದೆ, ಕೆಲಸಕ್ಕೆ ಹಚ್ಚುತ್ತದೆ. ದೊಡ್ಡ ಕೂಡುಕುಟುಂಬವೊಂದರ ಕೊನೆಯ ಹುಡುಗನಂತೆ ಅವನು ಎರಡು ವರ್ಷ ಇರುತ್ತಾನೆ.

ನಿಯಮಗಳು ಹೇಗೂ ಇವೆ. ಬೆಳಿಗ್ಗೆ ಆರೂವರೆಗೆ ಏಳಬೇಕು, ವ್ಯಾಯಾಮ, ಸ್ನಾನ, ಶಾಸ್ತ್ರಪಾಠ, ಭಾಷಾಭ್ಯಾಸ. ಆಮೇಲೆ ಹೊರಗೆ. ರಾತ್ರಿ ಒಂಬತ್ತರ ಹೊತ್ತಿಗೆ ಮನೆ, ಹತ್ತೂವರೆಗೆ ದೀಪ ಆರಿಸಬೇಕು. ಸದಾ ಒಬ್ಬ ಜೊತೆಗಾರ ಇರುತ್ತಾನೆ. ಸ್ನಾನದ ಮನೆ ಬಿಟ್ಟರೆ ಬೇರೆಲ್ಲೂ ಅವನು ಕಣ್ಣಿಂದ ಮರೆಯಾಗುವಂತಿಲ್ಲ. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತದೆ, ಆಗ ಜೊತೆಗಾರನೂ ಬದಲಾಗಬಹುದು, ಬಡಾವಣೆಯೂ ಬದಲಾಗಬಹುದು. ಸಂಬಳವಿಲ್ಲ. ಕುಟುಂಬ, ಕೈಲಾಗದಿದ್ದರೆ ಊರಿನ ಸಭೆ ಮತ್ತು ಚರ್ಚಿನ ನಿಧಿ ಸೇರಿ ಖರ್ಚು ನೋಡಿಕೊಳ್ಳುತ್ತವೆ. ದಿನಸಿಗೆ ತಿಂಗಳಿಗೆ ಒಂದಿಷ್ಟು ಹಣ ಕಾರ್ಡಿಗೆ ಬೀಳುತ್ತದೆ. ಕಾರು ಕೊಟ್ಟರೂ ತಿಂಗಳಿಗೆ ಇಷ್ಟೇ ಕಿಲೋಮೀಟರ್ ಎಂಬ ಮಿತಿ ಇರುತ್ತದೆ, ಆದ್ದರಿಂದ ನಡೆಯುವುದು ತಪ್ಪುವುದಿಲ್ಲ.

ಸೋಮವಾರ ಅವನ ಬಿಡುವಿನ ದಿನ. ಬಟ್ಟೆ ಒಗೆಯುವುದು, ಇಸ್ತ್ರಿ, ತರಕಾರಿ, ಮನೆಗೆ ಮಾತು, ಮಧ್ಯಾಹ್ನ ಸಭಾಂಗಣದ ಒಳಾಂಗಣದಲ್ಲಿ ಬಾಸ್ಕೆಟ್‌ಬಾಲ್ ಅಥವಾ ವಾಲಿಬಾಲ್. ಸಮೋವನ್ ಹುಡುಗರು ಬಂದು ಸೇರಿದರೆ ಆಟ ರಗ್ಬಿಯ ಕಡೆಗೆ ವಾಲುತ್ತದೆ. ನನ್ನಂಥ ಸಣಕಲು ದೇಹದವರು ಅಂಪೈರ್ ಆಗುವುದು ಒಳ್ಳೆಯದು. ಸಂಜೆ ಆರಕ್ಕೆ ಬಿಡುವು ಮುಗಿಯುತ್ತದೆ. ಸೋಮವಾರ ಸಂಜೆ ಮಾರ್ಮನ್ ಮನೆಗಳಲ್ಲಿ ಕುಟುಂಬವೆಲ್ಲ ಸೇರಿ ಹಾಡು, ಪ್ರಾರ್ಥನೆ, ಮಕ್ಕಳಿಗೊಂದು ಪಾಠ, ಕೊನೆಗೆ ತಿಂಡಿ ಎಂಬ ಪದ್ಧತಿಯಿದೆ. ಯಾವುದಾದರೂ ಮನೆಯಿಂದ ಕರೆ ಬಂದೇ ಬರುತ್ತದೆ.

ಮಂಗಳವಾರದಿಂದ ಶುಕ್ರವಾರದವರೆಗೆ ಹಗಲು ಹೊತ್ತು ಬಲು ನಿಧಾನ. ಆ ಬಡಾವಣೆಗಳ ಜನ ಕಾರ್ಖಾನೆ, ಗೋದಾಮು, ವಿಮಾನ ನಿಲ್ದಾಣ, ಆಸ್ಪತ್ರೆಗಳಲ್ಲಿ ಪಾಳಿಯ ಮೇಲೆ ದುಡಿಯುವವರು. ಬೆಳಿಗ್ಗೆ ಬಾಗಿಲು ತಟ್ಟಿದರೆ ಸಿಗುವವರು ಅಜ್ಜಿಯರು, ಮಕ್ಕಳು ಮತ್ತು ರಾತ್ರಿ ಪಾಳಿ ಮುಗಿಸಿ ಆಗಷ್ಟೇ ಮಲಗಿದವರು. ಗೊತ್ತಿಲ್ಲದ ಮನೆಗಳ ಬಾಗಿಲು ತಟ್ಟುವುದರಿಂದ ಯಾರಿಗೂ ಒಳಿತಾದದ್ದನ್ನು ನಾನು ಕಾಣಲಿಲ್ಲ. ಇದು ನನ್ನ ಅಭಿಪ್ರಾಯ, ಮೇಲಿನವರು ಒಪ್ಪಲಾರರು. ಆ ಹೊತ್ತಿನಲ್ಲಿ ಅಜ್ಜಿಯೊಬ್ಬರ ಅಂಗಳದ ಹುಲ್ಲು ಕತ್ತರಿಸುವುದು, ಮನೆ ಬದಲಿಸುವವರ ಸೋಫಾ ಹೊರುವುದು, ಆಸ್ಪತ್ರೆಯಲ್ಲಿರುವ ಸದಸ್ಯರನ್ನು ನೋಡಿ ಬರುವುದು ಎಷ್ಟೋ ಮೇಲು. ವಾರದಲ್ಲೊಂದು ದಿನ ಅಕ್ಕಪಕ್ಕದ ಮಿಷನರಿಗಳೆಲ್ಲ ಸೇರಿ ಸಭೆ ನಡೆಸುತ್ತಾರೆ. ಎಷ್ಟು ಹೊಸಬರನ್ನು ಭೇಟಿಯಾದಿರಿ, ಭಾನುವಾರ ಎಷ್ಟು ಜನ ಬಂದರು ಎಂಬ ಲೆಕ್ಕ ಒಪ್ಪಿಸಬೇಕು. ಲೆಕ್ಕ ಕಡಿಮೆ ಬಂದ ವಾರ ಹುಡುಗರ ಮುಖ ಬಾಡುತ್ತದೆ. ನಿಮ್ಮ ಹುಡುಗ ಫೋನಿನಲ್ಲಿ ಕುಗ್ಗಿದ ದನಿಯಲ್ಲಿ ಮಾತಾಡಿದರೆ ಕಾರಣ ಊಟವಲ್ಲ, ಬಹುಶಃ ಇದೇ.

ಇನ್ನು ಪಾಠ ಹೇಳುವ ವಿಚಾರ. ಸಮೋವಾದ ಜನರಿಗೆ ಕ್ರೈಸ್ತ ಧರ್ಮ ಹೊಸದೇನಲ್ಲ. ಲಂಡನ್ ಮಿಷನರಿ ಸೊಸೈಟಿಯ ಜಾನ್ ವಿಲಿಯಮ್ಸ್ ಅಲ್ಲಿಗೆ ಬಂದದ್ದು 1830ರಲ್ಲಿ. ಮಾರ್ಮನ್ನರೂ ಹಳಬರೇ: 1863ರಲ್ಲಿ ಹವಾಯಿಯಿಂದ ಇಬ್ಬರು ಬಂದಿದ್ದರು, 1888ರಲ್ಲಿ ಜೋಸೆಫ್ ಡೀನ್ ಬಂದು ಕ್ರಮಬದ್ಧವಾಗಿ ಮಿಷನ್ ಆರಂಭಿಸಿದರು. ಈಗ ಸಮೋವಾ ದೇಶದಲ್ಲಿ ಸುಮಾರು ಆರು ಜನರಲ್ಲಿ ಒಬ್ಬರು ಈ ಚರ್ಚಿನವರು. ಅತ್ತ ನ್ಯೂಜಿಲೆಂಡಿನ 2018ರ ಜನಗಣತಿಯಲ್ಲಿ ಸಮೋವನ್ನರ ಸಂಖ್ಯೆ 1 ಲಕ್ಷ 82 ಸಾವಿರ ದಾಟಿತ್ತು, ಹೆಚ್ಚಿನವರು ಇರುವುದು ಆಕ್ಲೆಂಡಿನಲ್ಲೇ. ಮುತ್ತಜ್ಜನ ಕಾಲದಿಂದ ಈ ಚರ್ಚಿನಲ್ಲಿರುವ ಮನೆಗಳು ಅಲ್ಲಿ ಬೇಕಾದಷ್ಟಿವೆ. ಬೆಂಗಳೂರಿನಲ್ಲಿ ಪ್ರತ್ಯೇಕ ಮಿಷನ್ ಆದದ್ದೇ 1993ರಲ್ಲಿ. ನಮ್ಮ ಮನೆಯಲ್ಲಿ ನನ್ನ ತಂದೆಯೇ ಮೊದಲಿಗರು. ಹೀಗಿರುವಾಗ ಆ ಮನೆಗಳ ಚಾಪೆಯ ಮೇಲೆ ಕುಳಿತು ನಾನು ಯಾರಿಗೆ ಏನು ಕಲಿಸುವುದು? ಅವರು ಗಂಭೀರವಾಗಿ ಕೇಳಿಸಿಕೊಳ್ಳುತ್ತಾರೆ, ನನ್ನ ವ್ಯಾಕರಣವನ್ನು ಮೆಲ್ಲಗೆ ತಿದ್ದುತ್ತಾರೆ, ನಂತರ ಮನೆಯ ಹಿರಿಯ ಅದೇ ವಿಷಯವನ್ನು ಹತ್ತು ಪಟ್ಟು ಚೆನ್ನಾಗಿ ಹೇಳಿ ಮುಗಿಸುತ್ತಾನೆ.

ನಿಜವಾದ ವಾರ ನಡೆಯುವುದು ಸಂಜೆಗಳಲ್ಲಿ. ಬಾಗಿಲ ಹೊರಗೆ ಚಪ್ಪಲಿಗಳ ಗುಡ್ಡೆ, ಅದರೊಳಗೆ ನಿಮ್ಮ ಶೂ. ಒಳಗೆ ಹೋದ ಕೂಡಲೇ ಕುಳಿತುಕೊಳ್ಳಬೇಕು. ಹಿರಿಯರು ಕುಳಿತಿರುವಾಗ ನಿಂತು ಮಾತಾಡುವುದು ಅಗೌರವ. ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂರಬೇಕು, ಕಾಲು ಚಾಚಿದರೆ ಪಾದ ಯಾರ ಕಡೆಗೂ ತಿರುಗಬಾರದು, ಚಾಚಲೇಬೇಕಾದರೆ ಮೇಲೊಂದು ಬಟ್ಟೆ ಹೊದಿಸಿಕೊಳ್ಳಬೇಕು. ಕುಳಿತವರ ಮುಂದೆ ಹಾದುಹೋಗುವಾಗ ಬೆನ್ನು ಬಾಗಿಸಿ ‘ಟುಲೌ’ (ಕ್ಷಮಿಸಿ) ಎನ್ನಬೇಕು. ಅಮೆರಿಕದಿಂದ ಬಂದ ಜೊತೆಗಾರರಿಗೆ ಇದೆಲ್ಲ ಮೈಗೂಡಲು ತಿಂಗಳುಗಳು ಹಿಡಿಯುತ್ತವೆ, ನಮ್ಮವರಿಗೆ ಅಷ್ಟು ಕಷ್ಟವಿಲ್ಲ. ಕುಟುಂಬ ಪ್ರಾರ್ಥನೆ ಮೊದಲು: ಒಂದು ಹಾಡು, ಯಾರೂ ಶ್ರುತಿ ಕೊಡುವುದಿಲ್ಲ, ಆದರೂ ಅಡುಗೆಮನೆಯಲ್ಲಿದ್ದ ಹುಡುಗಿ ಸಹಿತ ತನ್ನ ಪಾಲಿನ ಸ್ವರ ಹಿಡಿದು ಸೇರಿಕೊಳ್ಳುತ್ತಾಳೆ. ಆಮೇಲೆ ಊಟ.

ಊಟದಲ್ಲಿ ನನಗೆ ಕೊನೆಯವರೆಗೂ ಒಗ್ಗದೇ ಹೋದ ಒಂದು ಸಂಗತಿಯಿದೆ. ಮಿಷನರಿಗಳಿಗೆ ಹಿರಿಯರ ಜೊತೆ ಮೊದಲ ಪಂಕ್ತಿ. ಮನೆಯ ಮಕ್ಕಳು ತಟ್ಟೆ ತಂದಿಟ್ಟು, ಕೈ ತೊಳೆಯಲು ನೀರಿನ ಬಟ್ಟಲು ಹಿಡಿದು ನಿಲ್ಲುತ್ತಾರೆ. ನಾವು ಉಂಡ ಮೇಲೆ ಅವರ ಸರದಿ. ಹತ್ತೊಂಬತ್ತರ ಹುಡುಗ ಉಣ್ಣುತ್ತಿರುವಾಗ ಹನ್ನೆರಡರ ಹುಡುಗ ಬೀಸಣಿಗೆ ಹಿಡಿದು ಕಾಯುವುದು ಅವರಿಗೆ ಗೌರವ, ನನಗೆ ಸಂಕೋಚ. ತಟ್ಟೆಯಲ್ಲಿ ಒಳ್ಳೆಯ ತುಂಡುಗಳನ್ನು ಮುಟ್ಟದೆ ಬಿಟ್ಟರೆ ಅವು ಮಕ್ಕಳಿಗೆ ಸೇರುತ್ತವೆ ಎಂದು ಟೋಂಗಾದ ಜೊತೆಗಾರನೊಬ್ಬ ಹೇಳಿಕೊಟ್ಟ. ನಿಮ್ಮ ಹುಡುಗನಿಗೂ ಹೇಳಿ. ಊಟದ ಮನೆಯಲ್ಲಿ ಒಂದು ಗಂಟೆಗಿಂತ ಹೆಚ್ಚು ಇರಬಾರದೆಂಬ ನಿಯಮ ನಮಗಿತ್ತು. ಸಮೋವನ್ ಮನೆಯಲ್ಲಿ ಒಂದು ಗಂಟೆಗೆ ಪ್ರಾರ್ಥನೆಯೂ ಸ್ವಾಗತದ ಮಾತೂ ಮುಗಿದಿರುತ್ತವೆ, ಅಷ್ಟೆ.

ಈಗ ನಿಮ್ಮ ಮುಖ್ಯ ಪ್ರಶ್ನೆ, ಸಸ್ಯಾಹಾರ. ಸುಲಭವಲ್ಲ, ಆದರೆ ಉಪವಾಸವೂ ಬೀಳುವುದಿಲ್ಲ. ಡಬ್ಬಿಯ ದನದ ಮಾಂಸಕ್ಕೆ ಅಲ್ಲಿ ಪಿಸುಪೊ ಎನ್ನುತ್ತಾರೆ, ಅದು ಹಬ್ಬಕ್ಕೂ ಬೇಕು, ಸಾವಿಗೂ ಬೇಕು. ಶ್ಯಾವಿಗೆಯಂಥ ಎಳೆಗಳ ಸಾಪಾಸುಯ್‌ನಲ್ಲೂ ಮಾಂಸವಿರುತ್ತದೆ. ನಾನು ಮೀನು, ಕೋಳಿ ತಿನ್ನುತ್ತಿದ್ದೆ, ದನದ ಮಾಂಸ ತಿನ್ನುತ್ತಿರಲಿಲ್ಲ. ಮೊದಲ ಭಾನುವಾರವೇ ಸಭೆಯ ಹೆಂಗಸರ ಸಂಘದ ಹಿರಿಯರೊಬ್ಬರಿಗೆ ಇದನ್ನು ತಿಳಿಸಿದೆ. ಮರುವಾರದ ಹೊತ್ತಿಗೆ ಎಲ್ಲ ಮನೆಗಳಿಗೂ ಸುದ್ದಿ ಮುಟ್ಟಿತ್ತು. ಹುಡುಗನಿಗೆ ಕಾಯಿಲೆಯೇ ಎಂದು ಇಬ್ಬರು ವಿಚಾರಿಸಿದರು. ಗುಟ್ಟು ಇಷ್ಟೇ: ಬಡಿಸಿದ ಮೇಲೆ ಬೇಡ ಎನ್ನಬಾರದು, ಬಡಿಸುವ ಮೊದಲೇ ಸರಿಯಾದ ಹೆಂಗಸಿನ ಕಿವಿಗೆ ಹಾಕಬೇಕು. ಉಳಿದದ್ದು ನಮ್ಮ ಕರಾವಳಿಯವರಿಗೆ ಬಂಧುವಿನ ಮನೆ ಊಟವೇ. ಪತ್ರೊಡೆಗೆ ಬಳಸುವ ಅದೇ ಕೆಸುವಿನ ಎಲೆಯ ಎಳೆಯದನ್ನು ಆರಿಸಿ, ಗಟ್ಟಿ ತೆಂಗಿನ ಹಾಲು, ಈರುಳ್ಳಿ, ಉಪ್ಪು ತುಂಬಿ ಸುತ್ತಿ ಬೇಯಿಸಿದರೆ ಪಾಲುಸಾಮಿ. ಕೆಸುವಿನ ಗೆಡ್ಡೆ, ಹಸಿ ಬಾಳೆಕಾಯಿ ತೆಂಗಿನ ಹಾಲಿನಲ್ಲಿ ಬೇಯುತ್ತವೆ. ಜೀಗುಜ್ಜೆಯೂ ಇದೆ. ಖಾರ ಮಾತ್ರ ಇಲ್ಲವೇ ಇಲ್ಲ. ಕಾಫಿ, ಚಹಾ ಚರ್ಚಿನ ನಿಯಮದಂತೆ ನಿಷಿದ್ಧ ಎಂಬುದು ನಿಮಗೆ ಈಗಾಗಲೇ ಗೊತ್ತಿರಬೇಕು, ಮನೆಯಲ್ಲಿ ಜಗಳವೂ ಆಗಿರಬೇಕು. ಅಲ್ಲಿ ಅದರ ಜಾಗದಲ್ಲಿ ಕೊಕೊ ಸಮೋವಾ ಕುಡಿಯುತ್ತಾರೆ: ಹುರಿದು ಕುಟ್ಟಿದ ಕೋಕೋ ಬೀಜವನ್ನು ಸಕ್ಕರೆ ಹಾಕಿ ಕುದಿಸಿದ್ದು, ತಳದಲ್ಲಿ ತರಿತರಿ ಚರಟ ಉಳಿಯುತ್ತದೆ. ಅದರಲ್ಲೇ ಅನ್ನ ಬೇಯಿಸಿದರೆ ಕೊಕೊ ಅಲಾಯಿಸಾ, ಭಾನುವಾರದ ಸಂಜೆಗೆ ಹೇಳಿ ಮಾಡಿಸಿದ್ದು.

ಭಾಷೆ ಬಗ್ಗೆ ಹೆದರಬೇಡಿ ಎನ್ನಿ. ತರಬೇತಿ ಕೇಂದ್ರದಲ್ಲಿ ಕಲಿಸುವುದು ಚರ್ಚಿನ ಸಭ್ಯ ಸಮೋವನ್. ಮನೆಯೊಳಗೆ, ಮೈದಾನದಲ್ಲಿ ಆಡುವ ರೀತಿಯಲ್ಲಿ ‘ಟ’ಕಾರಗಳೆಲ್ಲ ‘ಕ’ಕಾರಗಳಾಗುತ್ತವೆ. ಮೊದಲ ತಿಂಗಳು ಮಕ್ಕಳ ಮಾತು ಒಂದೂ ತಿಳಿಯುವುದಿಲ್ಲ. ಹಾಗೆಂದು ಕಲಿತ ಮೇಲೂ ಅವನು ಹಾಗೆ ಮಾತಾಡುವಂತಿಲ್ಲ, ಮಿಷನರಿಯ ಬಾಯಲ್ಲಿ ಅದು ಹಿರಿಯರಿಗೆ ಹಿಡಿಸುವುದಿಲ್ಲ.

ಶನಿವಾರ ಬೆಳಿಗ್ಗೆ ಓಟಾರಾ ಸಂತೆ. ವಾಹನ ನಿಲ್ಲಿಸುವ ಬಯಲಿನಲ್ಲಿ ಕೆಸುವಿನ ಗೆಡ್ಡೆಯ ರಾಶಿ, ಹೂವಿನ ಚಿತ್ತಾರದ ಬಟ್ಟೆ, ತೆಂಗಿನ ಹಾಲಿನ ಬನ್ನು. ನಂತರ ಸಭಾಂಗಣ ಗುಡಿಸುವುದು, ಗಾಯನದ ಅಭ್ಯಾಸ, ಮದುವೆಯಿದ್ದರೆ ಕುರ್ಚಿ ಜೋಡಿಸುವುದು. ಅಕ್ಟೋಬರ್ ಎರಡನೆಯ ಭಾನುವಾರ ಮಕ್ಕಳ ಹಬ್ಬ. ಅದಕ್ಕೆ ಮುಂಚಿನ ವಾರಗಳಲ್ಲಿ ಬೇರೆ ಯಾವ ಕೆಲಸಕ್ಕೂ ಜನ ಸಿಗುವುದಿಲ್ಲ, ಮನೆಮನೆಯಲ್ಲೂ ಬಿಳಿ ಬಟ್ಟೆ ಹೊಲಿಗೆ, ಶ್ಲೋಕ ಬಾಯಿಪಾಠ. ಸಾವಾದರೆ ವಾರದ ಯೋಜನೆಯೇ ಬದಿಗೆ. ಬಂಧುಗಳು ಇಎ ಟೋಂಗಾ ಎಂಬ ನವಿರು ಹೆಣಿಗೆಯ ಚಾಪೆಗಳನ್ನೂ ಹಣವನ್ನೂ ಆಹಾರದ ಪೆಟ್ಟಿಗೆಗಳನ್ನೂ ತರುತ್ತಾರೆ, ಆ ಮನೆಯವರು ಅದಕ್ಕೆ ತಕ್ಕಂತೆ ಹಿಂದಿರುಗಿಸುತ್ತಾರೆ. ನಾವು ಪೆಟ್ಟಿಗೆ ಹೊರುವ ಸಾಲಿನಲ್ಲಿ. ಕುಟುಂಬದ ಈ ಹೊರೆ ಒಂದೆಡೆ, ಚರ್ಚಿಗೆ ಆದಾಯದ ಹತ್ತನೇ ಒಂದು ಭಾಗ ಇನ್ನೊಂದೆಡೆ. ಬಾಡಿಗೆ ಮನೆಯಲ್ಲಿ ಎರಡೆರಡು ಪಾಳಿ ದುಡಿಯುವ ತಂದೆ ಎರಡನ್ನೂ ಕೊಟ್ಟು ಸುಸ್ತಾಗುವುದನ್ನು ಹತ್ತಿರದಿಂದ ನೋಡಿದ್ದೇನೆ. ಅವರು ಅದನ್ನು ಹೊರೆ ಎಂದು ಕರೆಯುವುದಿಲ್ಲ. ನಾನು ಕರೆಯುತ್ತೇನೆ.

ಭಾನುವಾರ ಸಭೆ ಎರಡು ಗಂಟೆ, 2019ಕ್ಕೆ ಮುಂಚೆ ಮೂರು ಗಂಟೆ ಇತ್ತು. ಸಂಬಳದ ಪಾದ್ರಿ ಇಲ್ಲ. ವಾರವಿಡೀ ಗೋದಾಮಿನಲ್ಲಿ ಸಾಮಾನು ಎತ್ತುವಾತನೇ ಬಿಷಪ್, ಕೋಟು ಟೈ ಹಾಕಿ, ಕೆಳಗೆ ಪಂಚೆಯಂಥ ಲಾವಾಲಾವಾ ಉಟ್ಟು ವೇದಿಕೆಯ ಮೇಲೆ ಕೂರುತ್ತಾನೆ. ಹೆಂಗಸರು ಪುಲೆಟಾಸಿ ಎಂಬ ಮೇಲಂಗಿ-ಲಂಗದ ಉಡುಪಿನಲ್ಲಿ. ಬ್ರೆಡ್ಡು, ನೀರಿನ ಪ್ರಸಾದ ಹಂಚುವವರು ಹುಡುಗರು. ಭಾಷಣ ಮಾಡುವವರು ಬಂದ ಹಿರಿಯರನ್ನೆಲ್ಲ ಕ್ರಮವಾಗಿ ಗೌರವಿಸಿದ ನಂತರವೇ ವಿಷಯಕ್ಕೆ ಬರುವುದು. ಕೆಲವೊಮ್ಮೆ ವಿಷಯಕ್ಕೆ ಸಮಯವೇ ಉಳಿದಿರುವುದಿಲ್ಲ. ‘ಎಲ್ಡರ್, ಎರಡು ಮಾತು’ ಎಂದು ಇದ್ದಕ್ಕಿದ್ದಂತೆ ಕರೆಯುತ್ತಾರೆ (ಮಿಷನರಿ ಹುಡುಗರನ್ನು ಕರೆಯುವುದೇ ಎಲ್ಡರ್ ಎಂದು), ಹುಡುಗ ಸಿದ್ಧನಿರಲಿ. ತಿಂಗಳ ಮೊದಲ ಭಾನುವಾರ ಉಪವಾಸ, ಆವತ್ತು ಸದಸ್ಯರು ಒಬ್ಬೊಬ್ಬರಾಗಿ ಎದ್ದು ತಮ್ಮ ನಂಬಿಕೆಯ ಮಾತು ಹೇಳುತ್ತಾರೆ, ಅಳುತ್ತಾರೆ. ಉಳಿದ ಭಾನುವಾರಗಳಲ್ಲಿ ಸಭೆ ಬಿಟ್ಟ ಕೂಡಲೇ ಟೊಒನಾಯಿ ಎಂಬ ದೊಡ್ಡ ಮಧ್ಯಾಹ್ನದೂಟ. ಅದರ ನಂತರ ಯಾರ ಮನೆಗೆ ಹೋದರೂ ಮನೆಯವರು ಮಲಗಿರುತ್ತಾರೆ.

ನೀವು ಕೇಳದೆ ಬಿಟ್ಟ ಪ್ರಶ್ನೆಗೂ ಉತ್ತರಿಸುತ್ತೇನೆ. ಹೌದು, ಮತಾಂತರವೇ ಈ ಸೇವೆಯ ಉದ್ದೇಶ, ಮುಚ್ಚಿಟ್ಟು ಪ್ರಯೋಜನವಿಲ್ಲ. ಸಮೋವನ್ನರ ನಡುವೆ ಅದು ಒಂದು ಚರ್ಚಿನಿಂದ ಇನ್ನೊಂದಕ್ಕೆ ಹೋಗುವುದು, ಆದರೂ ಹಗುರವಲ್ಲ. ಬೇರೆ ಚರ್ಚಿನಲ್ಲಿ ಹಿರಿಯ ಸ್ಥಾನದಲ್ಲಿರುವ ತಂದೆಯ ಮಗಳು ನಮ್ಮ ಸಭೆಗೆ ಬರತೊಡಗಿದರೆ ಎರಡು ಮನೆಗಳಲ್ಲಿ ಮಾತು ನಿಲ್ಲುತ್ತದೆ. ಅಪ್ರಾಪ್ತರಿಗೆ ತಂದೆತಾಯಿಯ ಒಪ್ಪಿಗೆಯಿಲ್ಲದೆ ದೀಕ್ಷಾಸ್ನಾನ ಮಾಡಿಸುವಂತಿಲ್ಲ. ವಯಸ್ಸಿಗೆ ಬಂದವರ ವಿಷಯದಲ್ಲೂ ಸಭೆಯ ಹಿರಿಯರು ‘ನಿನ್ನ ತಂದೆಯನ್ನು ಕೇಳಿದೆಯಾ’ ಎಂದೇ ಮೊದಲು ಕೇಳುತ್ತಿದ್ದರು. ಅವಸರವೆಲ್ಲ ನಮ್ಮಂಥ ಹುಡುಗರದ್ದು.

ಫೋನ್: 2019ರ ಫೆಬ್ರುವರಿಯಿಂದ ವಾರಕ್ಕೊಮ್ಮೆ ಮನೆಗೆ ವಿಡಿಯೊ ಕರೆ ಮಾಡಬಹುದು. ಅದಕ್ಕೂ ಮುಂಚೆ ವರ್ಷಕ್ಕೆ ಎರಡೇ ಬಾರಿ. ಕರೆ ಸೋಮವಾರ ಬರುತ್ತದೆ. ಆಕ್ಲೆಂಡ್ ನಮಗಿಂತ ಆರೂವರೆ ಗಂಟೆ ಮುಂದೆ, ಅಲ್ಲಿನ ಬೇಸಿಗೆಯಲ್ಲಿ ಏಳೂವರೆ. ಅಂದರೆ ಅವನ ಮಧ್ಯಾಹ್ನ ಹನ್ನೆರಡು ನಿಮಗೆ ನಸುಕಿನ ಐದೂವರೆ ಅಥವಾ ನಾಲ್ಕೂವರೆ. ಮಧ್ಯಾಹ್ನ ಎರಡರ ನಂತರ ಮಾಡು ಎಂದು ಮೊದಲೇ ಹೇಳಿಡಿ, ಆದರೆ ಆರಕ್ಕೆ ಅವನ ಬಿಡುವು ಮುಗಿಯುತ್ತದೆ ಎಂಬುದು ನೆನಪಿರಲಿ.

ಸೂಟ್‌ಕೇಸಿನಲ್ಲಿ ಲೇಸಿಲ್ಲದ, ತೆಗೆದು ಹಾಕಲು ಸುಲಭವಾದ ಶೂ ಇಡಿ. ಲಾವಾಲಾವಾ ಇಲ್ಲಿಂದ ಬೇಡ, ಸಭೆಯವರೇ ಹೊಲಿಸಿ ಕೊಡುತ್ತಾರೆ. ಮನೆಯ ಸಿಹಿ, ಬೀಜ, ಒಣ ಎಲೆಗಳನ್ನು ತುರುಕಬೇಡಿ. ಏನೇ ತಿನಿಸು ಇದ್ದರೂ ನ್ಯೂಜಿಲೆಂಡ್ ಪ್ರವೇಶಕ್ಕೆ ತುಂಬುವ ಘೋಷಣಾ ಅರ್ಜಿಯಲ್ಲಿ ನಮೂದಿಸಲಿ, ಹೇಳದೆ ಒಯ್ದರೆ ಸ್ಥಳದಲ್ಲೇ 400 ನ್ಯೂಜಿಲೆಂಡ್ ಡಾಲರ್ ದಂಡ ಹಾಕುತ್ತಾರೆ. ಸಾರಿನ ಪುಡಿಗೆ ತಾಪತ್ರಯವಿಲ್ಲ. ಓಟಾರಾದ ಪಕ್ಕದಲ್ಲೇ ಪಾಪಟೊಯ್‌ಟೊಯ್ ಇದೆ, ಅಲ್ಲಿ ಭಾರತೀಯರ ಅಂಗಡಿಗಳು ಸಾಲುಸಾಲು, ಸೋಮವಾರ ದಿನಸಿಗೆ ಹೋದಾಗ ಅವನೇ ಕೊಂಡುಕೊಳ್ಳಬಹುದು.