ಕಾಂಡೋಮ್ ಹಾಕಿದರೆ ಎಚ್‌ಐವಿ ಭಯ ಇಲ್ವಾ?

ಮಂಗಳೂರಲ್ಲಿ ಕೆಲಸ, ಒಬ್ಬ ಸಂಗಾತಿ ಇದ್ದಾರೆ, ಕಾಂಡೋಮ್ ಒಂದೇ ಸಾಕಾ ಎಂದು ಕೇಳಿದ್ದೀರಿ. ಪ್ರತಿ ಸಲ, ಸರಿಯಾಗಿ ಬಳಸಿದರೆ ಅಪಾಯ ತುಂಬಾ ಕಡಿಮೆ. ಎಡವಟ್ಟಾಗುವುದು ಆ ‘ಸರಿಯಾಗಿ’ ಎಂಬಲ್ಲೇ.

ನಮ್ಮೂರಲ್ಲಿ ಎಲ್ಲದಕ್ಕೂ ತೆಂಗಿನೆಣ್ಣೆ ಅಲ್ವಾ? ಲೇಟೆಕ್ಸ್ ಕಾಂಡೋಮ್‌ಗೆ ಮಾತ್ರ ಅದು ಬೇಡವೇ ಬೇಡ. ಎಣ್ಣೆ, ವ್ಯಾಸಲಿನ್ ತಾಗಿದರೆ ರಬ್ಬರ್ ದುರ್ಬಲವಾಗಿ ಹರಿಯುತ್ತದೆ. ನೀರು ಆಧಾರಿತ ಜೆಲ್ ಬಳಸಿ. ಪರ್ಸಿನಲ್ಲೋ ಸ್ಕೂಟರ್ ಡಿಕ್ಕಿಯಲ್ಲೋ ತಿಂಗಳುಗಟ್ಟಲೆ ಇಟ್ಟದ್ದನ್ನು ಎಸೆಯಿರಿ. ಕರಾವಳಿಯ ಸೆಕೆಗೆ ಅದೂ ಸೋಲುತ್ತದೆ. ‘ಡಬಲ್ ಸೇಫ್ಟಿ’ ಅಂತ ಎರಡು ಒಟ್ಟಿಗೆ ಹಾಕಬೇಡಿ, ಉಜ್ಜಿ ಹರಿಯುವ ಸಾಧ್ಯತೆ ಇದೆ.

ಹರಿದೇ ಹೋಯಿತಾ? ನಾಚಿಕೆಯಿಂದ ಸುಮ್ನೆ ಕೂರಬೇಡಿ. ಎಚ್‌ಐವಿ ಸೋಂಕು ತಗಲದಂತೆ ತಡೆಯುವ ಪಿಇಪಿ ಎಂಬ ಮಾತ್ರೆಯನ್ನು 72 ಗಂಟೆಯೊಳಗೆ, ಆದಷ್ಟು ಬೇಗ ಶುರು ಮಾಡಿ 28 ದಿನ ತಪ್ಪದೆ ನುಂಗಬೇಕು. ವೆನ್ಲಾಕ್‌ನಂಥ ಸರ್ಕಾರಿ ಜಿಲ್ಲಾಸ್ಪತ್ರೆಗೆ ಹೋಗಿ ಕೇಳಿ. ಎಚ್‌ಐವಿ ಪರೀಕ್ಷೆಯೂ ಅಲ್ಲಿ ಉಚಿತ, ಗುಟ್ಟಾಗಿಡುತ್ತಾರೆ. ಫೋನಲ್ಲೇ ಕೇಳುವುದಾದರೆ ಏಡ್ಸ್ ಸಹಾಯವಾಣಿ 1097.

ಇಬ್ಬರೂ ಒಟ್ಟಿಗೆ ಪರೀಕ್ಷೆ ಮಾಡಿಸಿ. ಒಬ್ಬರಿಗೆ ಸೋಂಕು ಇದ್ದರೂ, ಎಚ್‌ಐವಿಯನ್ನು ಹತೋಟಿಯಲ್ಲಿಡುವ ಎಆರ್‌ಟಿ ಔಷಧಿಯಿಂದ ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕಿಳಿದು ಹಾಗೇ ಉಳಿದರೆ, ಲೈಂಗಿಕ ಸಂಪರ್ಕದಿಂದ ಅದು ಹರಡುವುದಿಲ್ಲ. ಇದು ಜಾಸ್ತಿ ಜನಕ್ಕೆ ಗೊತ್ತೇ ಇಲ್ಲ!